ಕಣ್ಣಾರೆ ಕಂಡ ಕೆರೆಗೂ ಉಲ್ಲೇಖ ಬೇಕೆ?

ಪ್ರಶ್ನೆ: ನಾನು ಬೆಂಗಳೂರಿನ ಗವಿಪುರದವನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ, ವಯಸ್ಸು 67. 'ಯಾರು ಬೇಕಾದರೂ ಬರೆಯಬಹುದು ತಾತ' ಎಂದು ಮೊಮ್ಮಗ ಕನ್ನಡ ವಿಕಿಪೀಡಿಯದಲ್ಲಿ ಖಾತೆ ತೆರೆದುಕೊಟ್ಟ. ನಮ್ಮ ಕೆಂಪಾಂಬುಧಿ ಕೆರೆಯ ಪುಟಕ್ಕೆ, ಹುಡುಗನಾಗಿದ್ದಾಗ ಅಲ್ಲಿ ಈಜಿದ್ದು, ಏರಿಯ ಮೇಲಿದ್ದ ಮರಗಳು, ಗಣೇಶನನ್ನು ಬಿಡುತ್ತಿದ್ದ ಜಾಗ ಎಲ್ಲವನ್ನೂ ಮೂರು ಪ್ಯಾರಾ ಬರೆದು ಸೇರಿಸಿದೆ. ನಲವತ್ತು ನಿಮಿಷದಲ್ಲಿ ಯಾರೋ ತೆಗೆದುಹಾಕಿದರು. ಮತ್ತೆ ಹಾಕಿದೆ, ಮತ್ತೆ ತೆಗೆದರು. ಮೂರನೆಯ ಸಲಕ್ಕೆ ನನ್ನ ಚರ್ಚೆಪುಟದಲ್ಲಿ ಎಚ್ಚರಿಕೆ ಬಂತು. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಿದ್ದರಿಂದಲೇ ಬೆಂಗಳೂರಿಗೆ ಆ ಹೆಸರು ಬಂತು ಎಂದು ಇನ್ನೊಂದು ಪುಟದಲ್ಲಿ ಬರೆದದ್ದನ್ನೂ ಬದಲಿಸಿದರು. ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ ಪಾಠ ಅದು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ನಮ್ಮ ತಂದೆಯವರ ಬಗ್ಗೆ ಹೊಸ ಪುಟ ಮಾಡಿದೆ. ಅದನ್ನು ಅಳಿಸಬೇಕೆಂಬ ಸೂಚನೆ ಈಗ ಪುಟದ ನೆತ್ತಿಯ ಮೇಲೆ ಕೂತಿದೆ. ಪತ್ರಿಕೆಯಲ್ಲಿ ಬಂದಿದ್ದ ಅವರ ಫೋಟೊ ಹಾಕಿದ್ದೆ, ಅದೂ ಮಾಯ. ಇಷ್ಟರಲ್ಲಿ, ಇಪ್ಪತ್ತೈದು ಸಾವಿರ ಕೊಟ್ಟರೆ ಪುಟ ಉಳಿಸಿಕೊಡುತ್ತೇವೆ ಎಂದು ಒಂದು ಇಮೇಲ್ ಬಂದಿದೆ. ಇಲ್ಲಿ ಗುಂಪುಗಾರಿಕೆ ಇದೆಯೇ? ನನ್ನ ಹೆಸರು ಕಪ್ಪುಪಟ್ಟಿಗೆ ಸೇರಿತೇ? ನನ್ನ ಮೇಲೆ ಯಾರಾದರೂ ಕೇಸು ಹಾಕಬಹುದೇ? ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎನಿಸುತ್ತಿದೆ. ಇನ್ನೊಂದು ವಿಷಯ: ಹಳೆಯ ಕಂಪ್ಯೂಟರಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟದ್ದನ್ನು ಅಲ್ಲಿ ಅಂಟಿಸಿದರೆ ಅಕ್ಷರಗಳೆಲ್ಲ ವಿಚಿತ್ರವಾಗಿ ಬರುತ್ತವೆ, ಏಕೆ?

ಉತ್ತರ: ಮೇಷ್ಟ್ರೇ, ನೀವು ಏಳೆಂಟು ಪ್ರಶ್ನೆ ಕೇಳಿದ್ದೀರಿ, ಆದರೆ ಪತ್ರದ ತುಂಬ ಇರುವ ಬೇಸರ ಒಂದೇ. ಒಂದು ಕೆರೆಯ ಪಕ್ಕದಲ್ಲೇ ಬಾಳಿದವನ ಮಾತನ್ನು, ಆ ಕೆರೆ ಊರಿನ ಯಾವ ದಿಕ್ಕಿಗಿದೆ ಎಂದೂ ತಿಳಿಯದ ಯಾರೋ ನಲವತ್ತು ನಿಮಿಷದಲ್ಲಿ ಹೊಡೆದುಹಾಕಿದರಲ್ಲ ಎಂಬುದು. ಆ ಬೇಸರದ ರುಚಿ ನನಗೆ ಗೊತ್ತು. ಹದಿನೈದು ವರ್ಷಕ್ಕೂ ಹಿಂದೆ ನಾನು ವಿಕಿಪೀಡಿಯದಲ್ಲಿ ಮಾಡಿದ ಮೊದಲ ಸಂಪಾದನೆ (ಅಲ್ಲಿ ಬರೆಯುವುದಕ್ಕೂ ತಿದ್ದುವುದಕ್ಕೂ ಹೀಗೆನ್ನುತ್ತಾರೆ) ನಮ್ಮೂರ ಜಾತ್ರೆಯ ಬಗ್ಗೆ. ತೇರು ಎಷ್ಟು ಎತ್ತರ, ಯಾವ ಬೀದಿಯಲ್ಲಿ ತಿರುಗುತ್ತದೆ, ಯಾರ ಮನೆಯ ಮುಂದೆ ನಿಲ್ಲುತ್ತದೆ ಎಂದೆಲ್ಲ ಬರೆದಿದ್ದೆ. ಮರುದಿನ ನೋಡಿದರೆ ಒಂದು ಸಾಲೂ ಉಳಿದಿರಲಿಲ್ಲ. ಆ ಸಿಟ್ಟಿಗೆ ಆರು ತಿಂಗಳು ಅತ್ತ ತಲೆ ಹಾಕಲಿಲ್ಲ. ಈಗ ಬೇರೆಯವರ ಊರಿನ ಜಾತ್ರೆಗಳನ್ನು ತೆಗೆಯುವ ಪಾಳಿ ನನ್ನದು. ಆದ್ದರಿಂದ ಎರಡೂ ಕಡೆಯ ಮಾತನ್ನು ಹೇಳಬಲ್ಲೆ.

ನಿದ್ದೆ ಕೆಡಿಸುವ ಭಯಗಳನ್ನು ಮೊದಲು ಮುಗಿಸೋಣ. ಕಪ್ಪುಪಟ್ಟಿ ಎಂಬುದೇನೂ ಇಲ್ಲ. ನಿಮ್ಮ ಚರ್ಚೆಪುಟಕ್ಕೆ ಬಂದ ಎಚ್ಚರಿಕೆ ಮೊದಲೇ ಬರೆದಿಟ್ಟ ಸಿದ್ಧ ಒಕ್ಕಣೆ. ಪಂಚಾಯಿತಿ ನೋಟಿಸಿನ ಹಾಗೆ ಅದರಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಅದನ್ನು ಅಂಟಿಸಿದವರಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ, ಪುರಸೊತ್ತು ಇರಲಿಲ್ಲ, ಅಷ್ಟೇ. ಒಂದು ಖಾತೆಯನ್ನು ನಿರ್ಬಂಧಿಸಬೇಕಾದರೆ ವಿಶೇಷ ಅಧಿಕಾರವಿರುವ ಸ್ವಯಂಸೇವಕರು, ಅಂದರೆ ನಿರ್ವಾಹಕರೇ, ಮಾಡಬೇಕು ಮತ್ತು ಅದರ ಕಾರಣವನ್ನು ಎಲ್ಲರಿಗೂ ಕಾಣುವಂತೆ ದಾಖಲಿಸಬೇಕು. ನಿಮ್ಮ ವಿಷಯದಲ್ಲಿ ಅಂಥದ್ದೇನೂ ಆಗಿಲ್ಲ.

ನೀವು ಬರೆದದ್ದು ಅಳಿದೂ ಹೋಗಿಲ್ಲ. ಕೆರೆಯ ಪುಟದ ಮೇಲ್ತುದಿಯಲ್ಲಿ 'ಇತಿಹಾಸ' ಎಂಬ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಆ ಪುಟ ಹುಟ್ಟಿದ ದಿನದಿಂದ ಇಂದಿನವರೆಗಿನ ಪ್ರತಿಯೊಂದು ಆವೃತ್ತಿಯೂ ದಿನಾಂಕ, ಗಂಟೆ, ನಿಮಿಷದ ಸಮೇತ ಸಾಲಾಗಿ ನಿಲ್ಲುತ್ತದೆ. ನಿಮ್ಮ ಮೂರು ಪ್ಯಾರಾ ಮೂರು ಸಲ ಅಲ್ಲಿವೆ. ಅಲ್ಲಿಂದ ನಕಲು ಮಾಡಿಕೊಂಡು ಕರಡು ಬರೆದು ನೋಡುವುದಕ್ಕಿರುವ ನಿಮ್ಮ ಪ್ರಯೋಗಪುಟದಲ್ಲಿ ಇಟ್ಟುಕೊಳ್ಳಿ. ವಿಕಿಯಲ್ಲಿ 'ತೆಗೆದರು' ಎಂದರೆ ಕಪಾಟಿನ ಮುಂಭಾಗದಿಂದ ಹಿಂಭಾಗಕ್ಕೆ ಸರಿಸಿದರು ಎಂದು ತಿಳಿಯಿರಿ.

ಇನ್ನು ಗುಂಪುಗಾರಿಕೆ. ಇಲ್ಲವೇ ಇಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸುಲಭ, ಆದರೆ ಪೂರ್ತಿ ಪ್ರಾಮಾಣಿಕವಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾದದ್ದು. ಲೇಖನಗಳು ಮೂವತ್ತು ಸಾವಿರ ದಾಟಿವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಪ್ಪತ್ತು ಲಕ್ಷ ಮೀರಿವೆ. ನಮ್ಮಲ್ಲಿ ಲೇಖನ ಕಡಿಮೆ ಎನ್ನುವುದಕ್ಕಿಂತ ಕಾಯುವವರು ಕಡಿಮೆ ಎನ್ನುವುದು ದೊಡ್ಡ ತೊಂದರೆ. 'ಇತ್ತೀಚೆಗಿನ ಬದಲಾವಣೆಗಳು' ಎಂಬ ಪುಟದ ಮುಂದೆ ಕೆಲವೇ ಜನ, ಸಂಬಳವಿಲ್ಲದೆ, ತಮ್ಮ ಕಚೇರಿ ಕೆಲಸ ಮುಗಿಸಿ ಬಂದು ಕೂರುತ್ತಾರೆ. ಸಣ್ಣ ಊರಿನಲ್ಲಿ ಹೇಗೋ ಹಾಗೆ ಅವರಿಗೆ ಪರಸ್ಪರ ಪರಿಚಯ ಇರುತ್ತದೆ, ಹೊಸಬರ ಬಗ್ಗೆ ಒಂದಿಷ್ಟು ಬಿಗುಮಾನವೂ ಬೆಳೆದಿರುತ್ತದೆ. ಯಾರೋ ಕಂಪನಿಯ ಜಾಹೀರಾತು ಅಂಟಿಸುತ್ತಾರೆ, ಯಾರೋ ನಟನ ಪುಟದಲ್ಲಿ ಬೈಗುಳ ಬರೆಯುತ್ತಾರೆ, ಯಾರೋ ಜಾತಿಯ ಹೆಸರು ತಿದ್ದುತ್ತಾರೆ. ಅವುಗಳ ನಡುವೆ, ಒಂದೂ ಉಲ್ಲೇಖವಿಲ್ಲದ ಮೂರು ಪ್ಯಾರಾ ಹೊಸ ಖಾತೆಯಿಂದ ಬಂದಾಗ ಆ ಪರದೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಕಾಣುವುದಿಲ್ಲ. ಎಷ್ಟೋ ಸಲ ತೆಗೆದವರಿಗೆ ಕನ್ನಡವೇ ಬರುವುದಿಲ್ಲ. ಸಣ್ಣ ಭಾಷೆಗಳ ವಿಕಿಗಳ ಮೇಲೆ ಕಣ್ಣಿಡುವ ಸ್ವಯಂಸೇವಕರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ಅವರು ಬದಲಾವಣೆಯ ಆಕಾರ ನೋಡಿ ತೀರ್ಮಾನಿಸುತ್ತಾರೆ, ಕೆಲವೊಮ್ಮೆ ತಪ್ಪೂ ಮಾಡುತ್ತಾರೆ.

ನಿಮ್ಮ ವಿಷಯದಲ್ಲಿ ಮಾತ್ರ ಅವರು ತಪ್ಪು ಮಾಡಿಲ್ಲ ಎಂಬುದೇ ನನ್ನ ಅಭಿಪ್ರಾಯ.

ನಿಮ್ಮ ಮೊಮ್ಮಗ ಹೇಳಿದ್ದು ನಿಜ, ಆದರೆ ಅರ್ಧ ನಿಜ. ಯಾರು ಬೇಕಾದರೂ ಬರೆಯಬಹುದು. ಹಾಗೆ ಬಾಗಿಲು ತೆರೆದಿಟ್ಟಿರುವುದರಿಂದಲೇ ಯಾರ ಬಾಯಿಮಾತನ್ನೂ ಒಪ್ಪಿಕೊಳ್ಳುವಂತಿಲ್ಲ. ನೀವು ಗವಿಪುರದವರು, ಅಲ್ಲೇ ಬೆಳೆದವರು ಎಂಬುದು ನನಗೆ ನಿಮ್ಮ ಪತ್ರದಿಂದ ತಿಳಿಯಿತು, ವಿಕಿಪೀಡಿಯಕ್ಕೆ ಹೇಗೆ ತಿಳಿಯಬೇಕು? ಅಲ್ಲಿ ಆಧಾರ್ ಕೇಳುವುದಿಲ್ಲ, ಫೋನ್ ಸಂಖ್ಯೆ ಕೇಳುವುದಿಲ್ಲ, ನಿಜವಾದ ಹೆಸರೂ ಬೇಕಿಲ್ಲ. ನಾಳೆ ಇನ್ನೊಬ್ಬರು ಬಂದು 'ನಾನೂ ಗವಿಪುರದವನೇ, ಆ ಮರಗಳು ಏರಿಯ ಮೇಲಿರಲಿಲ್ಲ, ರಸ್ತೆಯ ಕಡೆಗಿದ್ದವು' ಎಂದು ನಿಮ್ಮ ಸಾಲನ್ನು ತಿದ್ದಿದರೆ? ಇಬ್ಬರಲ್ಲಿ ಯಾರ ಕಣ್ಣನ್ನು ನಂಬುವುದು? ಹಳೆಯ ವಿಶ್ವಕೋಶಗಳಲ್ಲಿ ಬರೆದವರು ವಿದ್ವಾಂಸರು ಎಂಬ ಕಾರಣಕ್ಕೆ ಓದುಗ ನಂಬುತ್ತಿದ್ದ. ಇಲ್ಲಿ ಬರೆಯುವವನಿಗೆ ಮುಖವೇ ಇಲ್ಲದ್ದರಿಂದ, ನಂಬಿಕೆಯ ಭಾರವನ್ನೆಲ್ಲ ಉಲ್ಲೇಖದ ಹೆಗಲಿಗೆ ದಾಟಿಸಿದ್ದಾರೆ. ಓದುಗ ನಿಮ್ಮನ್ನು ನಂಬಬೇಕಾಗಿಲ್ಲ. ಇಂಥ ಪುಸ್ತಕದ ಇಂಥ ಪುಟವನ್ನು ತೆರೆದು ನೋಡಿದರೆ ಸಾಕು. 'ಪರಿಶೀಲನಾರ್ಹತೆ' ಎಂದು ಅಲ್ಲಿ ಕರೆಯುವುದು ಇದನ್ನೇ. ಜ್ಞಾನಪೀಠ ಪುರಸ್ಕೃತರೇ ಬಂದು ತಮ್ಮ ಬಾಲ್ಯದ ಬಗ್ಗೆ ಬರೆದರೂ ನಿಯಮ ಬದಲಾಗುವುದಿಲ್ಲ.

ಹಾಗಾದರೆ ನಿಮ್ಮ ನೆನಪಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಬೇರೆ ಕೆಲಸಕ್ಕೆ ಬರುತ್ತದೆ. ಏನನ್ನು ಹುಡುಕಬೇಕು ಎಂಬುದು ನೆನಪಿರುವವನಿಗೆ ಮಾತ್ರ ಗೊತ್ತು. ಆ ಕೆರೆಯ ಬಳಿ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರದ ಫೋಟೊ ತೆಗೆಯುವ ನೂರು ಜನರಲ್ಲಿ ಹತ್ತು ಜನಕ್ಕೂ ಈ ಸಂಗತಿ ಗೊತ್ತಿರಲಾರದು. ಇದಕ್ಕೆ ಮುದ್ರಿತ ಆಧಾರ ಹುಡುಕುವುದಕ್ಕೆ ನೀವು ಬೆಂಗಳೂರಿನಲ್ಲೇ ಒಳ್ಳೆಯ ಜಾಗದಲ್ಲಿದ್ದೀರಿ. ಬುಲ್ ಟೆಂಪಲ್ ರಸ್ತೆಯಲ್ಲಿ ಡಿ. ವಿ. ಗುಂಡಪ್ಪನವರು ಕಟ್ಟಿದ ಗೋಖಲೆ ಸಂಸ್ಥೆ, ಬಿ. ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು: ಮೂರೂ ನಿಮ್ಮ ಮನೆಯಿಂದ ಬೆಳಗಿನ ನಡಿಗೆಯ ದೂರ. ಆಚೆ ನೃಪತುಂಗ ರಸ್ತೆಯಲ್ಲಿ 1909ರ ಮಿಥಿಕ್ ಸೊಸೈಟಿ, ಕಬ್ಬನ್ ಪಾರ್ಕಿನೊಳಗೆ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಆನಂತರ ಸಿ. ಹಯವದನ ರಾವ್ ಪರಿಷ್ಕರಿಸಿದ ಗೆಜೆಟಿಯರ್, ಹಳೆಯ ಪತ್ರಿಕೆಗಳ ಭಾನುವಾರದ ಪುರವಣಿಗಳು, ಬಸವನಗುಡಿ ಸೀಮೆಯ ಲೇಖಕರ ಆತ್ಮಕಥೆಗಳು, ಇವುಗಳಲ್ಲಿ ಎಲ್ಲೋ ಒಂದು ಕಡೆ ನಿಮ್ಮ ಕೆರೆಯ ಮಾತು ಬಂದೇ ಬಂದಿರುತ್ತದೆ.

ಹೊಸಬರಲ್ಲಿ ಬಹಳ ಜನಕ್ಕೆ ಇರುವ ಒಂದು ತಪ್ಪು ತಿಳಿವಳಿಕೆ ಎಂದರೆ, ಉಲ್ಲೇಖ ಅಂತರ್ಜಾಲದಲ್ಲಿ ಸಿಗುವಂಥದ್ದೇ ಆಗಬೇಕು ಎಂಬುದು. ಹಾಗೇನಿಲ್ಲ. ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ವರ್ಷ, ಪುಟ ಸಂಖ್ಯೆ ಕೊಟ್ಟರೆ ಸಾಕು. ಅದು ಯಾವುದೋ ಗ್ರಂಥಾಲಯದ ಮೂಲೆಯಲ್ಲಿ ಮಾತ್ರ ಇದ್ದರೂ ನಡೆಯುತ್ತದೆ. ಕನ್ನಡದ ಮಟ್ಟಿಗೆ ಈ ಮಾತು ಬಹಳ ಮುಖ್ಯ, ಏಕೆಂದರೆ ನಮ್ಮ ಜ್ಞಾನದ ಹೆಚ್ಚು ಪಾಲು ಇನ್ನೂ ಕಾಗದದ ಮೇಲೆಯೇ ಇದೆ. ಗೂಗಲ್‌ನಲ್ಲಿ ಕೊಂಡಿ ಸಿಗಲಿಲ್ಲವೆಂದು ಕೈಬಿಡುವ ಹುಡುಗರು ನನಗೆ ದಿನಾ ಸಿಗುತ್ತಾರೆ. ಗ್ರಂಥಾಲಯದಲ್ಲಿ ಅರ್ಧ ದಿನ ಕೂರುವ ತಾಳ್ಮೆ ಇರುವವರು ವರ್ಷಕ್ಕೊಬ್ಬರು. ನಿಮ್ಮಂಥವರು ಬೇಕು ಎಂದು ನಾನು ಹೇಳುತ್ತಿರುವುದು ಉಪಚಾರಕ್ಕಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವೂ ಈಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾಗಿದೆ. ಅದರ ಪಠ್ಯವನ್ನು, ಎಲ್ಲಿಂದ ತೆಗೆದುಕೊಂಡದ್ದು ಎಂದು ತಿಳಿಸಿ, ನೇರವಾಗಿಯೇ ಬಳಸಬಹುದು. ಮೊದಲ ಸಂಪುಟ ಬಂದದ್ದು 1969ರಲ್ಲಿ ಎಂಬುದನ್ನು ಮಾತ್ರ ಮರೆಯಬೇಡಿ. ಜನಸಂಖ್ಯೆ, ಜಿಲ್ಲೆಗಳ ಗಡಿ, ರಸ್ತೆಗಳ ಹೆಸರು ಇವನ್ನೆಲ್ಲ ಹಾಗೆಯೇ ಎತ್ತಿಟ್ಟರೆ ಪುಟ ಐವತ್ತು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ.

ಈಜಿದ ನೆನಪು, ಗಣೇಶನನ್ನು ಬಿಟ್ಟ ನೆನಪು ಎಲ್ಲಿಯೂ ಅಚ್ಚಾಗಿಲ್ಲದಿದ್ದರೆ ಏನು ಮಾಡುವುದು? ಅದನ್ನು ನೀವೇ ಒಂದು ಪ್ರಬಂಧವಾಗಿ ಬರೆದು ಪತ್ರಿಕೆಗೆ ಕಳುಹಿಸಿ. ಅಚ್ಚಾದ ಮೇಲೆ ಬೇರೊಬ್ಬ ಸಂಪಾದಕರು 'ಸ್ಥಳೀಯ ನಿವಾಸಿಯೊಬ್ಬರು ನೆನಪಿಸಿಕೊಳ್ಳುವಂತೆ' ಎಂದು ಅದನ್ನು ಉಲ್ಲೇಖಿಸಬಹುದು. ನಿಮ್ಮ ಲೇಖನವನ್ನು ನೀವೇ ತಂದು ಉಲ್ಲೇಖಿಸಬೇಡಿ. ಕೆರೆಯ ಪುಟಕ್ಕೆ ಜೋಡಿಸಿರುವ ಚರ್ಚೆಪುಟದಲ್ಲಿ 'ಹೀಗೊಂದು ಲೇಖನ ಬಂದಿದೆ, ಉಪಯೋಗವಾದರೆ ನೋಡಿ' ಎಂದು ತಿಳಿಸಿ ಸುಮ್ಮನಿರಿ. ಇದು ಸುತ್ತುಬಳಸಿನ ದಾರಿ, ಒಪ್ಪುತ್ತೇನೆ. ಆದರೆ ನಡುವೆ ಪತ್ರಿಕೆಯ ಸಂಪಾದಕರೊಬ್ಬರ ಕಣ್ಣು ಹಾಯುತ್ತದೆ, ಅದಕ್ಕಾಗಿಯೇ ಈ ಸುತ್ತು.

ಕಣ್ಣಾರೆ ಕಂಡದ್ದನ್ನು ವಿಶ್ವಕೋಶ ಯಾವ ಉಲ್ಲೇಖವನ್ನೂ ಕೇಳದೆ ಒಪ್ಪಿಕೊಳ್ಳುವ ಒಂದೇ ಒಂದು ಬಗೆ ಇದೆ, ಅದು ಕ್ಯಾಮೆರಾ. ನಾಳೆ ಬೆಳಿಗ್ಗೆ ಮೊಬೈಲ್ ಹಿಡಿದು ಕೆರೆಯ ಬಳಿಯ ಆ ಗೋಪುರದ ನಾಲ್ಕು ಕಡೆಯ ಚಿತ್ರ ತೆಗೆಯಿರಿ, ಏರಿಯ ಉದ್ದಕ್ಕೂ ತೆಗೆಯಿರಿ, ಮಳೆಗಾಲದಲ್ಲಿ ಒಮ್ಮೆ ಬೇಸಿಗೆಯಲ್ಲಿ ಒಮ್ಮೆ ತೆಗೆಯಿರಿ. ಚಿತ್ರಗಳ ಮುಕ್ತ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಅದನ್ನು ಬಳಸಬಹುದು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಕಟ್ಟಡ, ಶಿಲ್ಪಗಳ ಚಿತ್ರ ತೆಗೆದು ಪ್ರಕಟಿಸುವುದಕ್ಕೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಒಂದು ಷರತ್ತನ್ನು ಮಾತ್ರ ತಿಳಿದಿರಿ. ಕಾಮನ್ಸ್‌ಗೆ ಕೊಟ್ಟ ಚಿತ್ರವನ್ನು ನಾಳೆ ಯಾರಾದರೂ ಕ್ಯಾಲೆಂಡರ್ ಮಾಡಿ ಮಾರಬಹುದು, ನಿಮ್ಮ ಹೆಸರು ಹಾಕಿದರೆ ಆಯಿತು. ಅದಕ್ಕೆ ಮನಸ್ಸು ಒಪ್ಪದಿದ್ದರೆ ಏರಿಸಬೇಡಿ. ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ.

ಈಗ ಬೆಂದ ಕಾಳಿಗೆ ಬರೋಣ. ಇಲ್ಲಿ ನಿಮಗೆ ಸ್ವಲ್ಪ ಬೇಸರವಾದೀತು. ಎರಡನೇ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ ಶಾಸನದಲ್ಲಿ 'ಬೆಂಗಳೂರ' ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತ ಸಂಗತಿ ಇದೆ. ಬಲ್ಲಾಳನಿಗೆ ಅಜ್ಜಿ ಕಾಳು ಬೇಯಿಸಿ ಬಡಿಸುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು ಎಂದಾಯಿತು. ಹಾಗೆಂದು ಆ ಕಥೆಯನ್ನು ಪುಟದಿಂದ ಓಡಿಸಬೇಕಾಗಿಲ್ಲ. ಜನ ಅದನ್ನು ಹೇಳಿಕೊಂಡು ಬಂದಿದ್ದಾರೆ ಎಂಬುದೇ ಒಂದು ಸಂಗತಿ. 'ಆದ್ದರಿಂದಲೇ ಈ ಹೆಸರು ಬಂತು' ಎಂದು ಬರೆದರೆ ತಪ್ಪು. 'ಹೀಗೊಂದು ಐತಿಹ್ಯವಿದೆ, ಆದರೆ ಅದಕ್ಕಿಂತ ಹಿಂದಿನ ಬೇಗೂರು ಶಾಸನದಲ್ಲಿ ಈ ಹೆಸರು ಸಿಗುತ್ತದೆ' ಎಂದು ಎರಡಕ್ಕೂ ಉಲ್ಲೇಖ ಕೊಟ್ಟು ಬರೆದರೆ ಸರಿ. ತಟಸ್ಥ ದೃಷ್ಟಿಕೋನ ಎಂಬ ದೊಡ್ಡ ಹೆಸರಿನ ನಿಯಮ ದಿನನಿತ್ಯದಲ್ಲಿ ಇಷ್ಟೇ: ಯಾವ ಮಾತನ್ನು ಯಾರು ಹೇಳಿದರು ಎಂದು ಆ ಮಾತಿಗೆ ಗಂಟು ಹಾಕುವುದು. ನಿಮ್ಮ ಬದಲಾವಣೆಯನ್ನು ತಿರುಗಿಸಿದವರು ಐತಿಹ್ಯವನ್ನು ಪುಟದಲ್ಲೇ ಉಳಿಸಿದ್ದಾರೋ ಅದನ್ನೂ ಅಳಿಸಿದ್ದಾರೋ ನೋಡಿ. ಅಳಿಸಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ಪ್ರಶ್ನಿಸುವುದು ಎಂದರೆ ಮತ್ತೆ ಮತ್ತೆ ಅಂಟಿಸುವುದಲ್ಲ. ನೀವು ಎಡವಿದ್ದು ಇಲ್ಲಿ. ಮೊದಲ ಸಲ ಹಾಕಿದ್ದಕ್ಕೆ ಯಾರೂ ತಪ್ಪು ಹೇಳುವುದಿಲ್ಲ, ಎರಡನೆಯ ಸಲಕ್ಕೇ ಆ ಪುಟದ ಚರ್ಚೆಪುಟಕ್ಕೆ ಹೋಗಬೇಕಿತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ಲೆಕ್ಕವೇ ಇದೆ: 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಕೆಲಸವನ್ನು ತಿರುಗಿಸಿದರೆ, ನಿಮ್ಮ ಮಾತೇ ಸರಿಯಿದ್ದರೂ ನಿರ್ಬಂಧ ಬೀಳಬಹುದು. ಚರ್ಚೆಪುಟದಲ್ಲಿ ಎರಡು ಸಾಲು ಬರೆದು, ಕೊನೆಯಲ್ಲಿ ನಾಲ್ಕು ಟಿಲ್ಡೆ ಗುರುತು (~~~~) ಹಾಕಿದರೆ ನಿಮ್ಮ ಸಹಿ, ಸಮಯ ತಾನಾಗಿ ಬೀಳುತ್ತದೆ. ಉತ್ತರ ಅಂದೇ ಬರುತ್ತದೆಂದು ಕಾಯಬೇಡಿ, ಕನ್ನಡದಲ್ಲಿ ವಾರವೂ ಹಿಡಿಯಬಹುದು. ಬರದೇ ಇದ್ದರೆ 'ಅರಳಿ ಕಟ್ಟೆ'ಯಲ್ಲಿ ಕೇಳಿ. ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟಕ್ಕೆ ಇಟ್ಟಿರುವ ಹೆಸರು ಅದು. ಇಡೀ ತಾಣದಲ್ಲಿ ನನಗೆ ಬಹಳ ಇಷ್ಟವಾದ ಹೆಸರೂ ಅದೇ.

ತಂದೆಯವರ ಪುಟದ ವಿಷಯ ನಾಜೂಕಾದದ್ದು, ನೇರವಾಗಿ ಹೇಳುತ್ತೇನೆ. ಒಬ್ಬರಿಗೆ ಸ್ವತಂತ್ರ ಪುಟ ಇರಬೇಕಾದರೆ ಅವರ ಬಗ್ಗೆ, ಅವರಿಗೂ ಅವರ ಕುಟುಂಬಕ್ಕೂ ಸಂಬಂಧವಿಲ್ಲದವರು, ಒಂದಿಷ್ಟು ವಿವರವಾಗಿ ಬರೆದಿರಬೇಕು. ಇದನ್ನು 'ಗಮನಾರ್ಹತೆ' ಎನ್ನುತ್ತಾರೆ. ಈ ಪದದ ಆಯ್ಕೆ ದುರದೃಷ್ಟಕರ ಎಂದು ನನಗೆ ಯಾವಾಗಲೂ ಅನ್ನಿಸಿದೆ, ಏಕೆಂದರೆ ಅಳಿಸುವ ಸೂಚನೆ ನೋಡಿದ ಮಕ್ಕಳಿಗೆ 'ನಿಮ್ಮಪ್ಪ ಗಮನಕ್ಕೆ ಅರ್ಹರಲ್ಲ' ಎಂದು ಹೇಳಿದಂತೆ ಕೇಳಿಸುತ್ತದೆ. ಅದರ ಅರ್ಥ ಅದಲ್ಲ. ಆಧಾರವಾಗಿಟ್ಟುಕೊಂಡು ಬರೆಯಲು ಸಾಕಷ್ಟು ಮುದ್ರಿತ ಸಾಮಗ್ರಿ ಇಲ್ಲ ಎಂದಷ್ಟೇ. ವೃತ್ತಿ ರಂಗಭೂಮಿಯ ಮಟ್ಟಿಗೆ ಇದು ಘೋರ ಅನ್ಯಾಯವೂ ಹೌದು: ಮಾಲೀಕರ ಬಗ್ಗೆ, ನಾಯಕ ನಟರ ಬಗ್ಗೆ ಬರೆದರು, ಬೆಳಗಿನವರೆಗೆ ಹಾರ್ಮೋನಿಯಂ ತಿದಿ ಒತ್ತಿದವರ ಬಗ್ಗೆ ಬರೆದವರು ಕಡಿಮೆ. ಆ ಅನ್ಯಾಯವನ್ನು ಸರಿಪಡಿಸುವ ಶಕ್ತಿ ವಿಕಿಪೀಡಿಯಕ್ಕಿಲ್ಲ, ಅದು ಬರೆದದ್ದನ್ನು ಹಿಂಬಾಲಿಸುತ್ತದೆ, ಅಷ್ಟೇ.

ನಿಮ್ಮ ಮುಂದಿರುವ ದಾರಿಗಳು ಇವು. ಸೂಚನೆಯನ್ನು ನೀವೇ ಕಿತ್ತುಹಾಕಬೇಡಿ. ಹಾಗೆ ಮಾಡಿದರೆ ಪುಟ ಉಳಿಯುವ ಅವಕಾಶ ಇನ್ನಷ್ಟು ಕುಗ್ಗುತ್ತದೆ. ಚರ್ಚೆಪುಟದಲ್ಲಿ 'ಇವರು ನನ್ನ ತಂದೆ' ಎಂದು ಮೊದಲ ಸಾಲಿನಲ್ಲೇ ತಿಳಿಸಿ. ಬಚ್ಚಿಟ್ಟು ಆಮೇಲೆ ಗೊತ್ತಾದರೆ ನಿಮ್ಮ ಉಳಿದ ಕೆಲಸದ ಮೇಲೂ ಅನುಮಾನ ಬರುತ್ತದೆ. ಪತ್ರಿಕೆಯಲ್ಲಿ ಅವರ ಫೋಟೊ ಬಂದಿತ್ತು ಎಂದಿರಿ, ಅದರ ಜೊತೆ ಬರಹವೂ ಇರಲೇಬೇಕಲ್ಲ. ಆ ಪತ್ರಿಕೆ, ದಿನಾಂಕ, ಪುಟ ಬರೆಯಿರಿ. ಅಂಥ ಎರಡು ಮೂರು ಬರಹ ಸಿಕ್ಕರೆ, ಅಥವಾ ಅಕಾಡೆಮಿ, ರಾಜ್ಯೋತ್ಸವ ಪ್ರಶಸ್ತಿಯಂಥದ್ದೇನಾದರೂ ಬಂದಿದ್ದರೆ ಪುಟ ನಿಲ್ಲಬಹುದು. ಒಂದೇ ಸಿಕ್ಕರೆ, ಅವರು ಕೆಲಸ ಮಾಡಿದ ನಾಟಕ ಕಂಪನಿಯ ಪುಟದಲ್ಲಿ ಉಲ್ಲೇಖ ಸಹಿತ ಒಂದು ಸಾಲಾಗಿ ಸೇರಿಸಿ. ಸೇರಿಸುವುದನ್ನೂ ಬೇರೆಯವರಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಏನೂ ಸಿಗದಿದ್ದರೆ ಪುಟ ಹೋಗುತ್ತದೆ. ಹೋದ ಮೇಲೂ ನಿರ್ವಾಹಕರನ್ನು ಕೇಳಿದರೆ ನಿಮ್ಮ ಪಠ್ಯವನ್ನು ತೆಗೆದುಕೊಡಬಲ್ಲರು, ಏಕೆಂದರೆ ಅಳಿಸಿದ ಪುಟಗಳು ಅವರಿಗೆ ಕಾಣುತ್ತವೆ. ಇನ್ನೊಂದು ಅಪಾಯವನ್ನೂ ಯೋಚಿಸಿ: ಪುಟ ಉಳಿದರೆ ಅದು ನಿಮ್ಮ ಕೈಯಲ್ಲಿರುವುದಿಲ್ಲ. ತಂದೆಯವರ ಬಗ್ಗೆ ನೀವು ಮರೆಯಲು ಬಯಸುವ ಸಂಗತಿಯೊಂದು ಹಳೆಯ ಪತ್ರಿಕೆಯಲ್ಲಿದ್ದರೆ ಯಾರಾದರೂ ಅದನ್ನು ತಂದು ಸೇರಿಸಬಹುದು. ಅದನ್ನು ತಡೆಯಲು ನಿಮಗೆ ಬರುವುದಿಲ್ಲ.

ಫೋಟೊ ವಿಷಯದಲ್ಲಿ ನಿಮಗೆ ತಿಳಿಯದೇ ಇರಬಹುದಾದ ಒಂದು ಅನುಕೂಲವಿದೆ. ಪತ್ರಿಕೆಯ ಛಾಯಾಗ್ರಾಹಕ ತೆಗೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಪತ್ರಿಕೆಯದು, ಕತ್ತರಿಸಿಟ್ಟುಕೊಂಡ ಮಾತ್ರಕ್ಕೆ ನಿಮ್ಮದಾಗುವುದಿಲ್ಲ; ಅದನ್ನು ತೆಗೆದದ್ದು ಸರಿಯೇ. ಆದರೆ ತಂದೆಯವರು ಸ್ಟುಡಿಯೊಗೆ ಹೋಗಿ, ದುಡ್ಡು ಕೊಟ್ಟು ತೆಗೆಸಿಕೊಂಡ ಚಿತ್ರ ಮನೆಯಲ್ಲಿರಬಹುದಲ್ಲ? ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಅಂಥ ಚಿತ್ರದ ಕೃತಿಸ್ವಾಮ್ಯದ ಮೊದಲ ಒಡೆಯರು ಎಂದು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅವರ ನಂತರ ಅದು ವಾರಸುದಾರರಿಗೆ ಬರುತ್ತದೆ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಅವರೆಲ್ಲರ ಒಪ್ಪಿಗೆ ಪಡೆದು, ಕಾಮನ್ಸ್‌ನಲ್ಲಿ ಅನುಮತಿ ಪತ್ರಗಳನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೆ ಇಮೇಲ್ ಮೂಲಕ ತಿಳಿಸಿ. 'ನಾನೇ ತೆಗೆದದ್ದು' ಎಂಬ ಚೌಕಕ್ಕೆ ಗುರುತು ಹಾಕಿ ಏರಿಸುವುದು ಬೇಡ.

ಇಪ್ಪತ್ತೈದು ಸಾವಿರದ ಇಮೇಲ್‌ಗೆ ಉತ್ತರಿಸಬೇಡಿ. ಅಳಿಸುವ ಸೂಚನೆ ಬಿದ್ದ ಪುಟಗಳ ಪಟ್ಟಿ ಎಲ್ಲರಿಗೂ ಕಾಣುತ್ತದೆ. ಅದನ್ನು ನೋಡಿಕೊಂಡು ಬಲೆ ಬೀಸುವವರಿದ್ದಾರೆ. ಪುಟ ಉಳಿಸುತ್ತೇವೆಂದು ಹಣ ಕೇಳುವ ಅಧಿಕಾರ ಯಾವ ನಿರ್ವಾಹಕರಿಗೂ ಇಲ್ಲ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಘೋಷಿಸಬೇಕೆಂದು 2014ರಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ಷರತ್ತುಗಳಲ್ಲೇ ಇದೆ. ಘೋಷಿಸದೆ ಮಾಡಿದ ಪುಟ ಪತ್ತೆಯಾದರೆ ಹೋಗುವುದು ಪುಟ, ಜೊತೆಗೆ ನಿಮ್ಮ ದುಡ್ಡು.

ಕೇಸಿನ ಮಾತು. ಸತ್ತು ಎಷ್ಟೋ ಕಾಲವಾದ ಕೆಂಪೇಗೌಡರ ಕೆರೆಯ ಬಗ್ಗೆ ಬರೆದದ್ದಕ್ಕೆ ಯಾರೂ ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಬದುಕಿರುವ ವ್ಯಕ್ತಿಗಳು, ನಡೆಯುತ್ತಿರುವ ಸಂಸ್ಥೆಗಳ ಬಗ್ಗೆ ಬರೆಯುವಾಗ ಮಾತ್ರ ಎಚ್ಚರ ಬೇಕು. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ತನ್ನ ಪುಟದಲ್ಲಿದ್ದ ಮಾತುಗಳ ವಿಚಾರವಾಗಿ ದೆಹಲಿ ಹೈಕೋರ್ಟಿನಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿತು. ಸಂಪಾದಕರು ಯಾರೆಂದು ತಿಳಿಸಬೇಕೆಂಬ ಬೇಡಿಕೆಯೂ ಅದರಲ್ಲಿ ಬಂತು. ಆದ್ದರಿಂದ ಮೊದಲ ವರ್ಷ ರಾಜಕಾರಣಿಗಳು, ಮಠಗಳು, ಜಾತಿಗಳು, ಗಡಿ ವಿವಾದ ಈ ಪುಟಗಳ ಹತ್ತಿರ ಸುಳಿಯಬೇಡಿ. ಧೈರ್ಯದ ಪ್ರಶ್ನೆಯಲ್ಲ ಇದು. ಆ ಪುಟಗಳಲ್ಲಿ ಹೊಸಬ ಕಲಿಯುವುದು ಜಗಳವನ್ನು ಮಾತ್ರ.

ಕಲಿಯುವುದಕ್ಕೆ ಸಣ್ಣ ಕೆಲಸಗಳು ಬೇಕಾದಷ್ಟಿವೆ. ಮೇಷ್ಟ್ರಿಗೆ ಕೆಂಪು ಶಾಯಿ ಹೊಸದಲ್ಲ: ಕಾಗುಣಿತ ತಿದ್ದಿ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡಕ್ಕೆ ಬಂದ ಉದ್ದುದ್ದ ಲೇಖನಗಳು ಇನ್ನೂ ಉಳಿದಿವೆ. ಅವುಗಳಲ್ಲಿ ಕನ್ನಡ ಅಕ್ಷರ ಇದೆ, ಕನ್ನಡ ಇಲ್ಲ. ಅಂಥ ಒಂದು ಲೇಖನದ ಒಂದು ಪ್ಯಾರಾವನ್ನು ಓದುವ ಹಾಗೆ ಮಾಡಿದರೆ ಅದು ಹೊಸ ಪುಟ ಮಾಡಿದ್ದಕ್ಕಿಂತ ದೊಡ್ಡ ಉಪಕಾರ. 'ಚುಟುಕು' ಎಂಬ ಗುರುತು ಹೊತ್ತ ಎರಡು ಸಾಲಿನ ಲೇಖನಗಳಿಗೆ ಮೂರನೆಯ ಸಾಲು, ಒಂದು ಉಲ್ಲೇಖ ಸೇರಿಸಿ. ಪ್ರತಿ ಸಲ ಉಳಿಸುವ ಮುನ್ನ 'ಸಾರಾಂಶ' ಎಂಬ ಸಣ್ಣ ಚೌಕದಲ್ಲಿ ಏನು ಮಾಡಿದಿರಿ ಎಂದು ನಾಲ್ಕು ಪದ ಬರೆಯಿರಿ. ಕಾವಲು ಕೂತವರು ಮೊದಲು ನೋಡುವುದು ಅದನ್ನೇ. 'ಗೆಜೆಟಿಯರ್ ಉಲ್ಲೇಖ ಸೇರಿಸಿದೆ' ಎಂದಿದ್ದರೆ ಅವರ ಕೈ ಅರ್ಧ ತಡೆಯುತ್ತದೆ. ಎಐ ಬಳಸಿ ಲೇಖನ ಬರೆಸಬಹುದೇ ಎಂದು ಮೊಮ್ಮಗ ಕೇಳಿದರೆ ಬೇಡ ಎನ್ನಿ. ಅದು ಇಲ್ಲದ ಪುಸ್ತಕಕ್ಕೂ ಪುಟ ಸಂಖ್ಯೆ ಕೊಡುತ್ತದೆ.

ಉಳಿದದ್ದು ನುಡಿಯ ವಿಷಯ. ನಿಮ್ಮ ಹಳೆಯ ಕಡತಗಳು, ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿಲ್ಲ. ಆ ಕಾಲದ ನುಡಿ, ಬರಹ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ಬಣ್ಣ ಕಳಚಿ ಒಳಗಿನ ರೋಮನ್ ಚಿಹ್ನೆಗಳು ಹೊರಬರುತ್ತವೆ. ಮತ್ತೆ ಟೈಪ್ ಮಾಡಬೇಕಾಗಿಲ್ಲ. ಹೊಸ ನುಡಿ ತಂತ್ರಾಂಶದಲ್ಲೇ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಇದೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪುಗಳು ನುಸುಳುತ್ತವೆ. ಮುಂದೆ ಬರೆಯುವುದಕ್ಕೆ ಬೇರೆ ತಂತ್ರಾಂಶವೂ ಬೇಡ. ವಿಕಿಪೀಡಿಯದ ಬರೆಯುವ ಚೌಕದಲ್ಲಿ ಕರ್ಸರ್ ಇಟ್ಟರೆ ಕೀಲಿಮಣೆಯ ಸಣ್ಣ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಕನ್ನಡದ ವಿನ್ಯಾಸಗಳ ಪಟ್ಟಿ ತೆರೆದುಕೊಳ್ಳುತ್ತದೆ, ನಿಮ್ಮ ಬೆರಳಿಗೆ ಪರಿಚಯವಿರುವುದನ್ನು ಆರಿಸಿಕೊಳ್ಳಿ.